ಬರೆಯೋಕೆ ಕೈ ಓಡ್ತಿಲ್ವಾ? ಚುಕ್ಕಿ ಇಡಿ, ತಾಳ ಹಾಕಿ, ಅವರೆಕಾಯಿ ಬಿಡಿಸಿ, ಆಮೇಲೆ ವಾಪಸ್ ಬನ್ನಿ

ಹೋದ ವರ್ಷ ಒಂದು ದೀಪಾವಳಿ ವಿಶೇಷಾಂಕಕ್ಕೆ ಕಥೆ ಕೊಡ್ತೀನಿ ಅಂತ ಒಪ್ಕೊಂಡ್ಬಿಟ್ಟಿದ್ದೆ. ಶುರು ಚೆನ್ನಾಗೇ ಆಯ್ತು. ಹನ್ನೆರಡು ವರ್ಷದ ಹಿಂದೆ ಮನೆ ಬಿಟ್ಟು ಹೋಗಿದ್ದ ಅಣ್ಣ ಹನುಮಂತನಗರದ ಮನೆ ಗೇಟ್ ಹತ್ರ ಬಂದು ನಿಲ್ತಾನೆ, ಒಳಗೆ ಅಮ್ಮ ಕುಕ್ಕರ್ ಇಟ್ಟಿದಾಳೆ, ಎರಡನೇ ವಿಷಲ್ ಆಗಿದೆ, ಅಲ್ಲಿವರೆಗೂ ಸರಾಗ. ಅಲ್ಲಿಂದಾಚೆಗೆ ಒಂದಕ್ಷರ ಇಲ್ಲ. ಅವನ ಬಾಯಲ್ಲಿ ಏನು ಮಾತಾಡ್ಸಿದ್ರೂ ಸೀರಿಯಲ್ ಡೈಲಾಗ್ ಥರ ಕೇಳ್ಸುತ್ತೆ, ಅಳಿಸ್ತೀನಿ, ಮತ್ತೆ ಬರೀತೀನಿ, ಮತ್ತೆ ಅಳಿಸ್ತೀನಿ. ಮೂರು ವಾರ ಆ ಪುಣ್ಯಾತ್ಮ ಗೇಟ್ ಹತ್ರಾನೇ ನಿಂತಿದ್ದ, ಕುಕ್ಕರ್ ಮೂರನೇ ವಿಷಲ್ ಹೊಡೀಲೇ ಇಲ್ಲ.

ಕೊನೆಗೆ ಅವನನ್ನ ಅಲ್ಲಿಂದ ಕದಲಿಸಿದ್ದು ರಂಗೋಲಿ. ಅದು ಹೆಂಗೆ ಅಂತ ಆಮೇಲೆ ಹೇಳ್ತೀನಿ. ಅದಾದ್ಮೇಲೆ ನಾನು ಇದನ್ನ ಒಂದು ಪದ್ಧತಿ ಥರ ಮಾಡ್ಕೊಂಡೆ, ಸಿಕ್ಕಾಕ್ಕೊಂಡಾಗೆಲ್ಲ ಅದೇ ಮಾಡ್ತೀನಿ, ಹತ್ತು ಸಲದಲ್ಲಿ ಏಳೆಂಟು ಸಲ ಕೆಲಸ ಮಾಡಿದೆ. ಅದನ್ನೇ ಇಲ್ಲಿ ಸ್ಟೆಪ್ ಬೈ ಸ್ಟೆಪ್ ಬರ್ದಿದೀನಿ. ಸ್ವಲ್ಪ ಉದ್ದ ಆಗಿದೆ, ಕಾಫಿ ಇಟ್ಕೊಂಡು ಓದಿ.

ಸ್ಟೆಪ್ 1: ಯಾವ ಥರದ ಬ್ಲಾಕ್ ಅಂತ ಮೊದಲು ನೋಡ್ಕೊಳ್ಳಿ

ಬರೆಯೋಕೆ ಕೂತ್ರೂ ಬರವಣಿಗೆ ನಿಂತುಹೋಗೋದಕ್ಕೆ ರೈಟರ್ಸ್ ಬ್ಲಾಕ್ ಅನ್ನೋ ಹೆಸರು ಬಂದಿದ್ದು 1940ರ ದಶಕದಲ್ಲಿ, ಎಡ್ಮಂಡ್ ಬರ್ಗ್ಲರ್ ಅನ್ನೋ ಮನೋವಿಶ್ಲೇಷಕ ಇಟ್ಟಿದ್ದು. ಆದ್ರೆ ನಮ್ಮ ಕಡೆ ಜನ ಅದಕ್ಕೆ ಹೇಳೋ ಮಾತುಗಳೇ ಹೆಚ್ಚು ಕರೆಕ್ಟಾಗಿವೆ ಅನ್ಸುತ್ತೆ ನಂಗೆ, ಯಾಕಂದ್ರೆ ಒಂದೊಂದು ಮಾತೂ ಒಂದೊಂದು ಕಾಯಿಲೆ. "ಏನೂ ಹೊಳೀತಿಲ್ಲ" ಅಂದ್ರೆ ಒಳಗೆ ಸರಕು ಖಾಲಿ. "ಕೈ ಓಡ್ತಿಲ್ಲ" ಅಂದ್ರೆ ಸರಕಿದೆ, ಆದ್ರೆ ಬರೆದ ತಕ್ಷಣ ತಲೇಲಿರೋ ವಿಮರ್ಶಕ ಎದ್ದು ಕೂತು ಥೂ ಇದೇನಯ್ಯ ಅಂತಾನೆ. "ಮುಂದಕ್ಕೆ ಹೋಗ್ತಿಲ್ಲ" ಅಂದ್ರೆ ಹಿಂದೆ ಎಲ್ಲೋ ದಾರಿ ತಪ್ಪಿದೀರ, ಕಥೆಗೆ ಗೊತ್ತು, ನಿಮಗಿನ್ನೂ ಗೊತ್ತಿಲ್ಲ. ಇನ್ನೊಂದಿದೆ, "ಬೇಜಾರು, ಏನೂ ಬೇಡ ಅನ್ಸುತ್ತೆ", ಇದು ಬರವಣಿಗೆಗೆ ಮಾತ್ರ ಆಗಿದ್ಯಾ ಅಥವಾ ಊಟ ನಿದ್ದೆ ಸ್ನೇಹಿತರು ಎಲ್ಲದಕ್ಕೂ ಆಗಿದ್ಯಾ ನೋಡ್ಕೊಳ್ಳಿ. ಎಲ್ಲದಕ್ಕೂ ಆಗಿ ಎರಡು ವಾರ ದಾಟಿದ್ರೆ ಅದಕ್ಕೆ ರಂಗೋಲಿ ಮದ್ದಲ್ಲ, ಡಾಕ್ಟರ್ ಹತ್ರ ಹೋಗಿ. ಟೆಲಿ ಮಾನಸ್ ಅಂತ ಮಾನಸಿಕ ಆರೋಗ್ಯಕ್ಕೆ ಸರ್ಕಾರದ್ದೇ ಸಹಾಯವಾಣಿ ಇದೆ, 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು, ಮಾನಸಿಕ ಆರೋಗ್ಯದ ಆಸ್ಪತ್ರೆ ನಿಮ್ಹಾನ್ಸ್ ಅಂತೂ ನಮ್ಮ ಬೆಂಗಳೂರಲ್ಲೇ ಇದೆ. ಇದನ್ನ ಮೊದಲೇ ಹೇಳ್ಬಿಟ್ಟೆ, ಯಾಕಂದ್ರೆ ಒಬ್ಬ ಗೆಳೆಯನಿಗೆ ನಾವೆಲ್ಲ ಸೇರಿ ಆರು ತಿಂಗಳು ಬ್ಲಾಕ್ ಕಣೋ ಬ್ಲಾಕ್ ಅಂತ ಹೇಳ್ತಾನೇ ಇದ್ವಿ.

ಮಿಕ್ಕ ಮೂರಕ್ಕೆ ಬೇರೆ ಕಲೆ ಕೆಲಸ ಮಾಡುತ್ತೆ, ಆದ್ರೆ ಮೂರಕ್ಕೂ ಒಂದೇ ಅಲ್ಲ. ಸರಕು ಖಾಲಿಯಾಗಿದ್ರೆ ಕಣ್ಣು ಕಿವಿ ತುಂಬಿಸೋ ಕೆಲಸ ಬೇಕು, ಸ್ಕೆಚ್, ಗ್ಯಾಲರಿ ಸುತ್ತೋದು. ವಿಮರ್ಶಕನ ಕಾಟ ಇದ್ರೆ ನಿಮಗೆ ಚೂರೂ ಬರದೇ ಇರೋ ಕೆಲಸ ಬೇಕು. ದಾರಿ ತಪ್ಪಿದ್ರೆ ಕೈಗೆ ಕೆಲಸ ಕೊಟ್ಟು ತಲೇನ ಫ್ರೀ ಬಿಡೋ ಕೆಲಸ ಬೇಕು.

ಸ್ಟೆಪ್ 2: ನಿಮಗೆ ಬರದೇ ಇರೋದನ್ನೇ ಆರಿಸ್ಕೊಳ್ಳಿ

ಇಲ್ಲೇ ತುಂಬ ಜನ ತಪ್ಪು ಮಾಡೋದು. ಚೆನ್ನಾಗಿ ಹಾಡೋರು ಬ್ಲಾಕ್ ಆದಾಗ ಹಾಡೋಕೆ ಹೋಗ್ತಾರೆ, ಅಲ್ಲೂ ಶ್ರುತಿ ಸರಿ ಇಲ್ಲ ಅಂತ ಕೊರಗ್ತಾರೆ, ಒಂದಿದ್ದ ಬ್ಲಾಕ್ ಎರಡಾಯ್ತು. ನಿಮಗೆ ಯಾವ ಹೆಸರೂ ಇಲ್ಲದೇ ಇರೋ ಜಾಗಕ್ಕೆ ಹೋಗಿ. ನನ್ನ ಡ್ರಾಯಿಂಗ್ ಎಷ್ಟು ಕೆಟ್ಟದಾಗಿದೆ ಅಂದ್ರೆ ನಾನು ಬರ್ದ ಹಸು ನೋಡಿ ಅಕ್ಕನ ಮಗಳು "ಸೋಫಾನಾ?" ಅಂದಿದ್ಳು. ಅದಕ್ಕೇ ನಂಗೆ ಡ್ರಾಯಿಂಗ್ ಕೆಲಸಕ್ಕೆ ಬರುತ್ತೆ, ಅಲ್ಲಿ ವಿಮರ್ಶಕನಿಗೆ ಡ್ಯೂಟಿ ಇಲ್ಲ, ಬಂದು ನೋಡಿ ನಕ್ಕು ಮಲ್ಕೊಂಡ್ಬಿಡ್ತಾನೆ.

ಟ್ಯಾಗೋರ್ ಕಥೆ ಗೊತ್ತಿರ್ಬೇಕಲ್ಲ. ಹಸ್ತಪ್ರತೀಲಿ ಬೇಡ ಅನ್ಸಿದ ಸಾಲು ಹೊಡೆದು ಹಾಕ್ತಿದ್ರು, ಆ ಕಾಟುಗಳನ್ನ ಒಂದಕ್ಕೊಂದು ಸೇರಿಸ್ತಾ ಹೋದ್ರೆ ಹಕ್ಕಿ ಆಯ್ತು, ಮುಖ ಆಯ್ತು, ವಿಚಿತ್ರ ಪ್ರಾಣಿ ಆಯ್ತು. ಅರವತ್ತು ದಾಟಿದ್ಮೇಲೆ ಅದೇ ಸೀರಿಯಸ್ ಆಗಿ ಚಿತ್ರ ಬರೆಯೋಕೆ ಶುರು ಮಾಡಿದ್ರು, 1930ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಪ್ರದರ್ಶನ. ನೊಬೆಲ್ ಬಂದ ಮನುಷ್ಯ ಹೊಡೆದು ಹಾಕಿದ ಸಾಲನ್ನೂ ವೇಸ್ಟ್ ಮಾಡಿಲ್ಲ, ನಾವು ಡಿಲೀಟ್ ಬಟನ್ ಒತ್ಕೊಂಡು ಕೂತಿರ್ತೀವಿ.

ಸ್ಟೆಪ್ 3: ಮೂರು ಕಂಡೀಷನ್

ಅಲಾರಂ ಇಟ್ಕೊಳ್ಳಿ, ಇಪ್ಪತ್ತೈದು ನಿಮಿಷ, ಜಾಸ್ತಿ ಬೇಡ. ಹೊಸ ಸಾಮಾನು ಕೊಂಡ್ಕೊಳ್ಳೋಕೆ ಹೋಗ್ಬೇಡಿ, ಅವೆನ್ಯೂ ರೋಡಿಗೆ ನೋಟ್‌ಬುಕ್ ತರೋಕೆ ಹೋಗಿ ಅರ್ಧ ದಿನ ಕಳೆದು ಹಳೇ ಪುಸ್ತಕ ಆರು ಹೊತ್ಕೊಂಡು ಬರೋದು ಕೂಡ ಬರೆಯದೇ ಇರೋಕೆ ಒಂದು ಟೆಕ್ನಿಕ್ಕೇ, ಅನುಭವದಿಂದ ಹೇಳ್ತಿದೀನಿ. ಮನೇಲಿರೋ ಪೆನ್, ಹಳೇ ಡೈರಿ, ಚಾಕ್‌ಪೀಸ್ ಸಾಕು. ಮೂರನೇದು, ಮಾಡಿದ್ದನ್ನ ಯಾರಿಗೂ ತೋರಿಸ್ಬೇಡಿ, ಸ್ಟೇಟಸ್‌ಗೆ ಹಾಕ್ಬೇಡಿ. ಲೈಕ್ ಬಿದ್ದ ಕ್ಷಣ ವಿಮರ್ಶಕ ಮತ್ತೆ ಡ್ಯೂಟಿಗೆ ಹಾಜರು.

ಸ್ಟೆಪ್ 4: ಈಗ ಕೆಲಸ

*ರಂಗೋಲಿ.* ಎಳೆ ರಂಗೋಲಿನೇ ಆಗ್ಬೇಕು, ಹೂವು ಬಳ್ಳಿ ನವಿಲು ಬೇಡ. 7ರಿಂದ 4, ಮಧ್ಯ ಚುಕ್ಕಿ. ಗೊತ್ತಿಲ್ದೋರಿಗೆ ಹೇಳ್ತೀನಿ: ನಡುವೆ ಒಂದು ಸಾಲಲ್ಲಿ 7 ಚುಕ್ಕಿ, ಅದರ ಮೇಲೆ ಎರಡೆರಡು ಚುಕ್ಕಿ ಮಧ್ಯಕ್ಕೆ ಬರೋ ಹಂಗೆ 6, ಅದರ ಮೇಲೆ 5, ಆಮೇಲೆ 4, ಕೆಳಗೂ ಅದೇ ಥರ. ಒಟ್ಟು 37 ಚುಕ್ಕಿ. ಜಾಸ್ತಿ ಅನ್ಸಿದ್ರೆ 5ರಿಂದ 3 ಇಡಿ, 19 ಆಗುತ್ತೆ. ಈಗ ಎಳೆ, ಅಂದ್ರೆ ನೀವು ಎಳೆಯೋ ಗೆರೆ, ಚುಕ್ಕೀನ ಮುಟ್ಟಬಾರ್ದು, ಸುತ್ಕೊಂಡು ಹೋಗ್ಬೇಕು, ಯಾವ ಚುಕ್ಕೀನೂ ಒಂಟಿಯಾಗಿ ಬಿಡಬಾರ್ದು, ಕೊನೆಗೆ ಶುರು ಮಾಡಿದ ಕಡೆಗೇ ಬಂದು ಸೇರ್ಬೇಕು. ಬಾಗಿಲ ಮುಂದೆ ಹಾಕೋಕೆ ಸಂಕೋಚ ಇದ್ರೆ, ಅದರಲ್ಲೂ ಗಂಡಸ್ರಿಗೆ ಅಕ್ಕಪಕ್ಕದವರು ಏನಂದ್ಕೊತಾರೋ ಅನ್ನೋ ಭಯ ಇದ್ರೆ, ಟೆರೇಸ್ ಮೇಲೆ ಚಾಕ್‌ಪೀಸಲ್ಲಿ ಹಾಕಿ, ಇಲ್ಲ ಪೇಪರ್ ಮೇಲೆ ಬಾಲ್ ಪೆನ್ನಲ್ಲಿ.

ಇದು ಯಾಕೆ ಕೆಲಸ ಮಾಡುತ್ತೆ ಅಂತ ನಾನು ತುಂಬ ಯೋಚ್ನೆ ಮಾಡಿದೀನಿ. ಖಾಲಿ ಪೇಜ್ ಎದುರು ಕೂತಾಗ ಎಲ್ಲಿಂದ ಬೇಕಾದ್ರೂ ಶುರು ಮಾಡ್ಬಹುದು, ಅದೇ ಕಷ್ಟ. ಚುಕ್ಕಿ ಇಟ್ಟ ಮೇಲೆ ಆ ಸ್ವಾತಂತ್ರ್ಯ ಇಲ್ಲ, ಮುಂದಿನ ತಿರುವು ಎಡಕ್ಕಾ ಬಲಕ್ಕಾ ಅಷ್ಟೇ ಪ್ರಶ್ನೆ. ಆಮೇಲೆ ನಮ್ಮ ಭಾಷೇಲಿ ರಂಗೋಲಿಗೂ ಎಳೆ, ಕಥೆಗೂ ಎಳೆ, ಅದು ಸುಮ್ನೆ ಬಂದಿರಲ್ಲ ಅನ್ಸುತ್ತೆ.

ಆವತ್ತು ಆಗಿದ್ದು ಇಷ್ಟು. ಬೆಳಿಗ್ಗೆ ಆರೂಕಾಲು, ರಾತ್ರಿಯೆಲ್ಲ ನಿದ್ದೆ ಇಲ್ಲ, ಹಾಲಿನ ಪ್ಯಾಕೆಟ್ ತಗೊಳ್ಳೋಕೆ ಹೊರಗೆ ಬಂದೋಳು ಎದುರು ಮನೆ ಆಂಟಿ ರಂಗೋಲಿ ಹಾಕೋದನ್ನ ನೋಡ್ತಾ ನಿಂತೆ, ಅವರು ಡಬ್ಬಿ ಕೈಗೆ ಕೊಟ್ಟು ಬಾ ನೀನೇ ಹಾಕು ಅಂದ್ರು. ಮೂರನೇ ಸಾಲಲ್ಲಿ ಒಂದು ಚುಕ್ಕಿ ಜಾಸ್ತಿ ಬಿದ್ದಿತ್ತು, ಅರ್ಧ ಎಳೆ ಎಳೆದ ಮೇಲೆ ಗೊತ್ತಾಯ್ತು, ಅಳಿಸೋಕೆ ಹೋದೆ. "ಅಳಿಸ್ಬೇಡ, ರಾಡಿ ಆಗುತ್ತೆ, ಅದನ್ನೂ ಸುತ್ತಾಕ್ಕೊಂಡ್ ಬಾ" ಅಂದ್ರು. ಸುತ್ತಾಕ್ಕೊಂಡ್ ಬಂದೆ, ಒಂದು ಕಡೆ ಸೊಟ್ಟ ಆಯ್ತು, ಪರವಾಗಿಲ್ಲ. ಮನೆಗೆ ಬಂದು ಹಾಲು ಕಾಯಿಸೋವಾಗ ಹೊಳೀತು, ಅಣ್ಣ ಗೇಟಲ್ಲಿ ಮಾತಾಡೋದೇ ಬೇಡ. ಅವನು ಮನೆ ಸುತ್ತು ಹಾಕ್ಕೊಂಡು ಹಿತ್ತಲ ಕಡೆ ಹೋಗಿ ಬಟ್ಟೆ ಒಗೆಯೋ ಕಲ್ಲ ಹತ್ರ ಇರೋ ನಲ್ಲೀಲಿ ಕಾಲು ತೊಳ್ಕೊತಾನೆ, ನೀರಿನ ಸದ್ದಿಗೆ ಅಮ್ಮ ಒಳಗಿಂದಾನೇ "ನಲ್ಲಿ ಸರಿಯಾಗಿ ನಿಲ್ಸು, ಸೋರುತ್ತೆ" ಅಂತಾಳೆ, ಯಾರು ಅಂತಾನೂ ಕೇಳಲ್ಲ. ಅಷ್ಟೇ ಸೀನು. ಹಾಲು ಉಕ್ಕಿತು, ಅದು ಬೇರೆ ವಿಷಯ. ಸಂಪಾದಕರು ಆಮೇಲೆ ಆ ಸೀನ್ ಹಿಂದಿನ ಎರಡು ಪ್ಯಾರಾ ಕಿತ್ತಾಕಿದ್ರು, ಸರಿಯಾಗೇ ಕಿತ್ತಾಕಿದ್ರು.

*ಸ್ಕೆಚ್, ಮೆಟ್ರೋದಲ್ಲಿ.* ಆಫೀಸಿಗೆ ಹೋಗಿ ಬರೋರಿಗೆ ಇದೇ ಬೆಸ್ಟು. ಪರ್ಪಲ್ ಲೈನೋ ಗ್ರೀನ್ ಲೈನೋ, ಒಂದು ಸ್ಟೇಷನ್ ಬಿಟ್ಟು ಇನ್ನೊಂದು ಸ್ಟೇಷನ್ ಬರೋಕೆ ಎರಡು ನಿಮಿಷ ಹಿಡಿಯುತ್ತೆ, ಅದೇ ನಿಮ್ಮ ಟೈಮರ್. ಒಂದು ಸ್ಟೇಷನ್‌ಗೆ ಒಂದು ಕೈ. ಮುಖ ಬೇಡ, ದಿಟ್ಟಿಸಿ ನೋಡಿದ್ರೆ ಜನಕ್ಕೆ ಇರುಸುಮುರುಸು. ಕೈ ಮಾತ್ರ, ಕಂಬಿ ಹಿಡ್ಕೊಂಡಿರೋ ಕೈ, ಟಿಫನ್ ಬ್ಯಾಗ್ ಹಿಡ್ಕೊಂಡಿರೋ ಕೈ, ಮಲಗಿರೋ ಮಗು ಬೆನ್ನ ಮೇಲಿರೋ ಕೈ. ಬರೆಯೋವಾಗ ಪೇಪರ್ ನೋಡ್ಬೇಡಿ, ಕಣ್ಣು ಕೈಯಂಚಲ್ಲೇ ನಿಧಾನಕ್ಕೆ ಜಾರ್ತಾ ಹೋಗ್ಲಿ, ಪೆನ್ನೂ ಅದೇ ಸ್ಪೀಡಲ್ಲಿ. ಚಿತ್ರ ಶುಂಠಿ ಥರ ಬರುತ್ತೆ, ಬರ್ಲಿ. ಪೆನ್ ಎತ್ತಿದ್ಮೇಲೆ ಪಕ್ಕದಲ್ಲಿ ಎರಡೋ ಮೂರೋ ಪದ ಬರೀರಿ, ಕಂಡಿದ್ದು, ಅನ್ಸಿದ್ದಲ್ಲ. "ಮೆಹೆಂದಿ, ಅರ್ಧ ಮಾಸಿದೆ." "ಉಗುರಲ್ಲಿ ಗ್ರೀಸ್." ಹತ್ತು ಸ್ಟೇಷನ್ನಿಗೆ ಹತ್ತು ಕೈ, ಇಳಿಯೋವಾಗ ನಿಮ್ಮ ಹತ್ರ ಹತ್ತು ಜನ ಇರ್ತಾರೆ. ಸರಕು ಖಾಲಿ ಅನ್ನೋರಿಗೆ ಇದಕ್ಕಿಂತ ಬೇಗ ತುಂಬಿಸೋ ದಾರಿ ನಂಗೆ ಗೊತ್ತಿಲ್ಲ. ರಷ್ ಅವರ್‌ನಲ್ಲಿ ಮೆಜೆಸ್ಟಿಕ್ ಹತ್ರ ಟ್ರೈ ಮಾಡ್ಬೇಡಿ, ಪೆನ್ ಇನ್ನೊಬ್ಬರ ಶರ್ಟ್ ಮೇಲೆ ಓಡುತ್ತೆ.

*ತಾಳ, ಲಯ.* ಇದು ಗದ್ಯ ಬರೆಯೋರಿಗೆ ಹೆಚ್ಚು ಬೇಕು, ಪದ್ಯದವರಿಗೆ ಹೆಂಗೂ ಗೊತ್ತಿರುತ್ತೆ. ಮೊದಲು ಆದಿತಾಳ ಹಾಕಿ, ಎಂಟು ಎಣಿಕೆ: ಒಂದು ತಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಆಮೇಲೆ ತಟ್ಟು ತಿರುವು, ತಟ್ಟು ತಿರುವು. ಕೈ ತಾಳ ಹಾಕ್ತಿರ್ಲಿ, ಬಾಯಲ್ಲಿ ನಿಮ್ಮ ನಿಂತುಹೋಗಿರೋ ಪ್ಯಾರಾನ ಜೋರಾಗಿ ಓದಿ. ಹಾಡಬೇಡಿ, ಓದಿ. ಎಲ್ಲಿ ನಾಲಿಗೆ ಎಡವುತ್ತೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ನನ್ನ ಅನುಭವದಲ್ಲಿ ನಿಂತಿರೋ ಜಾಗ ಕೊನೇ ಸಾಲಲ್ಲಿರಲ್ಲ, ಅದಕ್ಕೆ ಎರಡು ಮೂರು ವಾಕ್ಯ ಹಿಂದೆ ಇರುತ್ತೆ.

ಎರಡನೇ ಆಟ ಇನ್ನೂ ಮಜಾ. ಭಾಮಿನಿ ಷಟ್ಪದಿ ಅಂತ ಆರು ಸಾಲಿನ ಪದ್ಯದ ಅಚ್ಚಿಗೆ ಸ್ಕೂಲಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದ್ಯಾ, ಮೊದಲೆರಡು ಸಾಲು ಮೂರು ನಾಲ್ಕು ಮೂರು ನಾಲ್ಕು, 14 ಮಾತ್ರೆ (ಅಕ್ಷರ ಹೇಳೋಕೆ ಹಿಡಿಯೋ ಹೊತ್ತಿನ ಎಣಿಕೆ), ಕುಮಾರವ್ಯಾಸ ತನ್ನ ಇಡೀ ಭಾರತಾನ ಅದರಲ್ಲೇ ಹೇಳಿದ್ದು. ಆ ಅಚ್ಚಿಗೆ ನಿಮ್ಮ ಇವತ್ತಿನ ದಿನಾನ ಸುರೀರಿ. ನಾನೊಂದ್ಸಲ ಸಿಲ್ಕ್ ಬೋರ್ಡ್ ಜಂಕ್ಷನ್ ಟ್ರಾಫಿಕ್ಕಲ್ಲಿ ನಿಂತ ಬಸ್ಸಲ್ಲಿ ಕೂತು ಕಟ್ಟಿದ್ದು:

ಸಿಲ್ಕು ಬೋರ್ಡಲಿ ನಿಂತ ಬಸ್ಸಲಿ
ಕಾಲ ನಿಂತಿದೆ ಫೋನು ಸತ್ತಿದೆ

ಸಿಲ್ಕು ಮೂರು, ಬೋರ್ಡಲಿ ನಾಲ್ಕು, ನಿಂತ ಮೂರು, ಬಸ್ಸಲಿ ನಾಲ್ಕು. ಎರಡನೇ ಸಾಲನ್ನ ನೀವೇ ಎಣಿಸ್ಕೊಳ್ಳಿ. ಪ್ರಾಸ ಗೀಸ ಮರ್ತುಬಿಡಿ, ಪಂಡಿತರು ಬೈಕೊಳ್ಳಲಿ. ಮೂರನೇ ಸಾಲು 23 ಮಾತ್ರೆ, ಅದು ಕಟ್ಟೋಕೆ ಹೋದ್ರೆ ಮಡಿವಾಳದವರೆಗೂ ಟೈಂಪಾಸ್. ಇಲ್ಲಿ ಆಗೋದೇನಂದ್ರೆ ತಲೆ ಎಣಿಸೋದ್ರಲ್ಲಿ ಬಿಜಿ ಆಗುತ್ತೆ, ಚೆನ್ನಾಗಿದ್ಯಾ ಕೆಟ್ಟದಾಗಿದ್ಯಾ ಅಂತ ಕೇಳೋಕೆ ಪುರಸೊತ್ತಿರಲ್ಲ, ಆ ಗ್ಯಾಪಲ್ಲಿ ನೀವು ಊಹಿಸದೇ ಇದ್ದ ಪದ ಒಂದು ನುಸುಳಿ ಬಂದುಬಿಡುತ್ತೆ.

*ಅಡುಗೆ.* ಡಿಸೆಂಬರ್ ಜನವರೀಲಿ ಬ್ಲಾಕ್ ಆದ್ರೆ ನೀವು ಅದೃಷ್ಟವಂತರು, ಅವರೆಕಾಯಿ ಸೀಸನ್. ಸೊಗಡಿರೋ ಕಾಯಿ ಎರಡು ಕೆಜಿ ತನ್ನಿ, ಬಿಡಿಸಿ, ಕಾಳು ನೀರಲ್ಲಿ ನೆನೆಹಾಕಿ, ಆಮೇಲೆ ಒಂದೊಂದೇ ಹೆಬ್ಬೆರಳು ತೋರುಬೆರಳು ಮಧ್ಯೆ ಇಟ್ಟು ಒತ್ತಿದ್ರೆ ಸಿಪ್ಪೆ ಕೈಲಿ, ಬೇಳೆ ಪುಳಕ್ ಅಂತ ಪಾತ್ರೆಗೆ. ಎರಡು ಕೆಜಿ ಕಾಯಿ ಮುಗಿಯೋಕೆ ಗಂಟೆಗಟ್ಟಲೆ ಬೇಕು, ಈ ಒಂದಕ್ಕೆ ಮಾತ್ರ ಇಪ್ಪತ್ತೈದು ನಿಮಿಷದ ರೂಲ್ ಇಲ್ಲ. ಫೋನ್ ಮುಟ್ಟೋಕಾಗಲ್ಲ ಕೈಯೆಲ್ಲ ಸೊಗಡು. 1926ರಲ್ಲಿ ಗ್ರಹಾಂ ವಾಲಸ್ ಅನ್ನೋರು ಹೊಸ ಯೋಚನೆ ಹುಟ್ಟೋದನ್ನ ನಾಲ್ಕು ಹಂತ ಮಾಡಿ ಹೇಳಿದ್ರು, ಮೊದಲು ತಯಾರಿ, ಆಮೇಲೆ ಕಾವು ಕೊಡೋದು, ಆಮೇಲೆ ಹೊಳೆಯೋದು, ಕೊನೆಗೆ ಸರಿ ಇದ್ಯಾ ಅಂತ ಪರೀಕ್ಷೆ ಮಾಡೋದು. ಕೋಳಿ ಮೊಟ್ಟೆ ಮೇಲೆ ಕೂತ ಹಂಗೆ ಆ ಎರಡನೇ ಹಂತ, ಮೊಟ್ಟೆ ಎತ್ತೆತ್ತಿ ನೋಡ್ತಿದ್ರೆ ಮರಿ ಆಗಲ್ಲ. ಅವರೆಕಾಳು ಹಿದುಕೋದು ಅಂದ್ರೆ ಅದೇ. ಪಕ್ಕದಲ್ಲಿ ಅತ್ತೆನೋ ಅಜ್ಜಿನೋ ಕೂತಿದ್ರೆ ಇನ್ನೂ ಲಾಭ, ಕೈ ಆಡ್ತಿರೋವಾಗ ಬರೋ ಮಾತು ಸುಮ್ನೆ ಕೂರಿಸಿ ಇಂಟರ್ವ್ಯೂ ಮಾಡಿದ್ರೆ ಬರಲ್ಲ. ಕೊನೆಗೆ ಏನೂ ಹೊಳೀದೇ ಹೋದ್ರೂ ರಾತ್ರಿಗೆ ಹಿದಕಿದ ಬೇಳೆ ಸಾರು ಇದೆ.

*ಗ್ಯಾಲರಿ, ಶಿಲ್ಪ.* ನೋಡೋದೂ ಒಂದು ಕೆಲಸ, ಸುಮ್ನೆ ಸುತ್ತೋದಲ್ಲ. ಡಿವಿಜಿ ಬೇಲೂರಿನ ಮದನಿಕೆಯರನ್ನ ನೋಡಿ ಅಂತಃಪುರ ಗೀತೆ ಬರೆದ್ರಲ್ಲ, ಒಂದೊಂದು ಹಾಡಲ್ಲೂ ಆ ಕಲ್ಲಿನ ಹೆಂಗಸರ ಜೊತೆ ಮಾತಿಗಿಳೀತಾರೆ, ಏನು ಮಾಡ್ತಿದೀಯ, ಯಾಕೆ ಹಿಂಗೆ ನಿಂತಿದೀಯ ಅಂತ. ಅದನ್ನೇ ಕದೀರಿ. ಕುಮಾರಕೃಪಾ ರಸ್ತೆ ಚಿತ್ರಕಲಾ ಪರಿಷತ್ತಲ್ಲಿ ಹಳೇ ತೊಗಲುಗೊಂಬೆಗಳಿವೆ, ಪ್ಯಾಲೇಸ್ ರೋಡಲ್ಲಿ ಮಾಣಿಕ್ಯವೇಲು ಬಂಗಲೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ, ಸೋಮವಾರ ರಜೆ. ಹೋಗಿ ಒಂದೇ ಒಂದು ಚಿತ್ರದ ಎದುರು ಇಪ್ಪತ್ತೈದು ನಿಮಿಷ ಕೂತ್ಕೊಳ್ಳಿ. ಐದು ಪ್ರಶ್ನೆ ಕೇಳಿ, ಉತ್ತರ ಬರೀಬೇಡಿ, ಪ್ರಶ್ನೆ ಮಾತ್ರ ಬರ್ಕೊಳ್ಳಿ. ಮನೆಗೆ ಬಂದು ಅದೇ ಐದು ಪ್ರಶ್ನೇನ ನಿಮ್ಮ ಪಾತ್ರಕ್ಕೆ ಕೇಳಿ.

ಫೋಟೋಗ್ರಫಿ ಬಗ್ಗೆ ಜಾಸ್ತಿ ಹೇಳಲ್ಲ, ಫೋನ್ ಕೈಗೆ ಬಂದ್ರೆ ರೀಲ್ಸ್ ಕಡೆ ಜಾರೋದು ಖಾತ್ರಿ. ಮಾಡ್ಲೇಬೇಕು ಅಂದ್ರೆ ಏರೋಪ್ಲೇನ್ ಮೋಡಲ್ಲಿ ಹಾಕಿ, ಕೆ.ಆರ್. ಮಾರ್ಕೆಟ್ ಹೂವಿನ ಕಡೆ ಬೆಳಿಗ್ಗೆ ಬೇಗ ಹೋಗಿ, ಒಂದೇ ಬಣ್ಣ, ಹನ್ನೆರಡೇ ಕ್ಲಿಕ್.

ಡೈಲಾಗಲ್ಲಿ ಸಿಕ್ಕಾಕ್ಕೊಂಡಿದ್ರೆ ನಟನೆ. ರೂಮಿನ ಬಾಗಿಲು ಹಾಕ್ಕೊಂಡು ಎರಡು ಕುರ್ಚಿ ಎದುರುಬದುರು ಇಟ್ಟು, ಒಂದರಲ್ಲಿ ಕೂತು ಅಮ್ಮ ಆಗಿ ಮಾತಾಡಿ, ಎದ್ದು ಹೋಗಿ ಇನ್ನೊಂದರಲ್ಲಿ ಕೂತು ಮಗ ಆಗಿ ಉತ್ತರ ಕೊಡಿ, ಪೂರ್ತಿ ವಾಯ್ಸ್ ರೆಕಾರ್ಡ್ ಮಾಡಿ. ಎದ್ದು ಕೂರೋ ಆ ನಾಲ್ಕು ಸೆಕೆಂಡ್ ಮೌನ ಇದ್ಯಲ್ಲ, ಅದನ್ನ ಕೇಳಿಸ್ಕೊಳ್ಳಿ, ಎಷ್ಟೋ ಸಲ ಮಾತಿಗಿಂತ ಅದೇ ಚೆನ್ನಾಗಿರುತ್ತೆ. ಮನೆಯವರಿಗೆ ಮುಂಚೇನೇ ಹೇಳಿರಿ.

ಸ್ಟೆಪ್ 5: ವಾಪಸ್ ಬರೋದು (ಇದನ್ನ ಮಾತ್ರ ಸ್ಕಿಪ್ ಮಾಡ್ಬೇಡಿ)

ಬೇರೆ ಕಡೆ ಹೋಗೋದು ಸುಲಭ, ಖುಷಿನೂ ಇರುತ್ತೆ, ಅದಕ್ಕೇ ಜನ ಅಲ್ಲೇ ಉಳ್ಕೊಂಡ್ಬಿಡ್ತಾರೆ. ಕಾದಂಬರಿ ಬರೀತೀನಿ ಅಂತ ಕೂತ ಒಬ್ಬರು ಬ್ಲಾಕ್ ಬಿಡಿಸೋಕೆ ಕುಂಡ ಪೇಂಟ್ ಮಾಡೋಕೆ ಶುರು ಮಾಡಿ ಈಗ ಕುಂಡ ಮಾರ್ತಾರೆ, ಒಳ್ಳೇ ವ್ಯಾಪಾರ, ಕಾದಂಬರಿ ಇಲ್ಲ. ಅದೂ ತಪ್ಪಲ್ಲ ಬಿಡಿ, ಆದ್ರೆ ನೀವು ಇದನ್ನ ಓದ್ತಿರೋದು ಬರೆಯೋಕೆ ಅಂತ.

ಅದಕ್ಕೆ ಅಲಾರಂ ಹೊಡೆದ ತಕ್ಷಣ, ಕೈ ತೊಳೆಯೋಕೂ ಮುಂಚೆ ಆದ್ರೆ ಇನ್ನೂ ಒಳ್ಳೇದು, ಹತ್ತು ನಿಮಿಷ ಬರೀರಿ. ಕಥೆ ಅಲ್ಲ. ಈಗ ತಾನೆ ಕೈಯಲ್ಲಿ ಏನಾಯ್ತು ಅಂತ ಬರೀರಿ, ಎಲ್ಲಿ ಎಳೆ ಸೊಟ್ಟ ಆಯ್ತು, ಯಾವ ಕೈ ನೆನಪಲ್ಲಿ ಉಳೀತು, ಕಾಳು ಹಿದುಕೋವಾಗ ಅತ್ತೆ ಯಾರ ಮದುವೆ ಕಥೆ ಹೇಳಿದ್ರು. ಲ್ಯಾಪ್‌ಟಾಪ್ ಬೇಡ, ಪೆನ್ನಲ್ಲಿ. ಹತ್ತು ನಿಮಿಷ ಆದ್ಮೇಲೆ ಬರೆದದ್ದರಲ್ಲಿ ಒಂದು ವಸ್ತು, ಒಂದು ಕ್ರಿಯಾಪದ ಎತ್ಕೊಳ್ಳಿ. ನಂದು ಆವತ್ತು "ಎಳೆ" ಮತ್ತೆ "ಸುತ್ತಾಕು". ಆ ಎರಡನ್ನ ಇಟ್ಕೊಂಡು ನಿಂತಿರೋ ಸೀನಿಗೆ ಹೋಗಿ, ಈ ಕ್ರಿಯಾಪದಾನ ಯಾರು ಮಾಡ್ತಾರೆ ಇಲ್ಲಿ ಅಂತ ಕೇಳಿ. ಅಣ್ಣ ಸುತ್ತಾಕ್ತಾನಾ, ಅಮ್ಮ ಸುತ್ತಾಕ್ತಾಳಾ, ಬೀದಿ ನಾಯಿ ಸುತ್ತಾಕುತ್ತಾ? ಮೂರನ್ನೂ ಎರಡೆರಡು ಸಾಲು ಬರೀರಿ. ಒಂದರಲ್ಲಿ ಜೀವ ಇರುತ್ತೆ. ಇಲ್ದಿದ್ರೆ ಆ ದಿನಕ್ಕೆ ಸಾಕು, ನಾಳೆ ಅದೇ ಕಲೆ, ಬದಲಾಯಿಸ್ಬೇಡಿ, ಕನಿಷ್ಠ ಐದು ದಿನ ಒಂದನ್ನೇ ಮಾಡಿ. ದಿನಾ ಒಂದೊಂದು ಹೊಸದು ಟ್ರೈ ಮಾಡಿದ್ರೆ ಅದು ಸಮ್ಮರ್ ಕ್ಯಾಂಪ್ ಆಗುತ್ತೆ.

ಐದು ದಿನ ಆದ್ಮೇಲೂ ಸೀನ್ ಅಲ್ಲಾಡಿಲ್ಲ ಅಂದ್ರೆ ಆ ಸೀನೇ ಬೇಡದೇ ಇರ್ಬಹುದು. ಅದನ್ನ ಬಿಟ್ಟು ಮುಂದಿನ ಸೀನ್ ಬರೀರಿ, ನಡುವೆ "ಇಲ್ಲಿ ಏನೋ ಆಯ್ತು" ಅಂತ ಒಂದು ಸಾಲು ಹಾಕಿ. ನನ್ನ ಎರಡು ಕಥೇಲಿ ಆ ಗ್ಯಾಪ್ ಹಂಗೇ ಉಳಿದು ಪ್ರಿಂಟೂ ಆಗಿದೆ, ಆ ಸಾಲು ಮಾತ್ರ ತೆಗೆದೆ, ಯಾರೂ ಕೇಳ್ಲಿಲ್ಲ.

ಸ್ಟೆಪ್ 6: ಓಡೋಕೆ ಶುರುವಾದ್ಮೇಲೆ

ಖುಷೀಲಿ ಒಂದೇ ಏಟಿಗೆ ರಾತ್ರಿ ಎರಡರವರೆಗೂ ಬರೆದು ಎಲ್ಲಾ ಖಾಲಿ ಮಾಡ್ಕೊಂಡ್ರೆ ಮಾರನೇ ದಿನ ಮತ್ತೆ ಅದೇ ಗೇಟು, ಅದೇ ಕುಕ್ಕರ್. ಇನ್ನೂ ಎರಡು ಸಾಲು ಗೊತ್ತಿದೆ ಅನ್ನೋವಾಗಲೇ ನಿಲ್ಸಿ, ವಾಕ್ಯ ಅರ್ಧ ಆಗಿದ್ರೂ ಪರವಾಗಿಲ್ಲ. ಮುಂದಿನದನ್ನ ಎರಡು ಪದದಲ್ಲಿ ಅಂಚಲ್ಲಿ ಗುರುತು ಹಾಕ್ಕೊಳ್ಳಿ. ನಾನು ಹಾಲಿನ ಕೂಪನ್ ಹಿಂದೆ ಬರೆದು ಫ್ರಿಡ್ಜಿಗೆ ಅಂಟಿಸ್ತೀನಿ, ಈಗ ಅಲ್ಲಿರೋದು "ತಂಗಿ, ಹೆಲ್ಮೆಟ್ ತೆಗೀದೇನೇ" ಅಂತ, ನಾಳೆ ಬೆಳಿಗ್ಗೆ ಚುಕ್ಕಿ ಇಟ್ಟು ಬಂದು ಅಲ್ಲಿಂದ ಹಿಡಿಯೋದು.